ಅಡಿಗೆಯ ಮನೆಯ ಎತ್ತರದ ನಾಗಂದಿಗೆ: ಮಾಡುವ ಕ್ರಮ ಮತ್ತು ಉಪಯೋಗಿಸುವ ಕ್ರಮ

1. ಪೀಠಿಕೆ

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದುದನ್ನು ಮುಂದಿನ ಸುಗ್ಗಿಯವರೆಗೆ ಕೆಡದಂತೆ ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ಹೊಲದಲ್ಲಿ ಆದ ನಷ್ಟವು ಊರಿನವರೆಲ್ಲರ ಕಣ್ಣಿಗೂ ಬೀಳುವುದು. ಅಡಿಗೆಯ ಮನೆಯ ಮೂಲೆಯಲ್ಲಿ ಹುಳು ಹಿಡಿದ ಒಂದು ಮಡಕೆ ಅವರೆಕಾಳು ಮಾತ್ರ ಯಾರ ಲೆಕ್ಕಕ್ಕೂ ಬಾರದೆ ಕೋಳಿಗಳ ಪಾಲಾಗುವುದು. ಅದರಲ್ಲಿ ಮುಂದಿನ ಬಿತ್ತನೆಯ ಬೀಜವೂ ಸೇರಿದ್ದರೆ, ನಷ್ಟವು ಆ ಮಡಕೆಯ ಬೆಲೆಗೆ ನಿಲ್ಲದೆ ಒಂದು ವರ್ಷದ ಬೆಳೆಗೇ ತಗಲುವುದು.

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮವು, ಜೈನರಿಗೂ ಶ್ರೀವೈಷ್ಣವರಿಗೂ ಬುಕ್ಕರಾಯನು ಮಾಡಿಸಿದ ಒಡಂಬಡಿಕೆಯನ್ನು ಹೇಳುವ 1368ನೆಯ ಇಸವಿಯ ಶಾಸನದಿಂದ ಪ್ರಸಿದ್ಧವಾದುದು. ವ್ಯವಸಾಯದ ದೃಷ್ಟಿಯಿಂದ ನೋಡಿದರೆ ಅದು ರಾಗಿಯ ಸೀಮೆಗೆ ಸೇರಿದ ಊರು. ಈ ಸೀಮೆಯ ರೈತರು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳನ್ನು ಹಾಕಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು ಮುಂತಾದವುಗಳನ್ನು ಬೆಳೆಯುವರು. ರಾಗಿಯು ಮೂಟೆಗಟ್ಟಲೆ ಬರುವುದರಿಂದ ಅದಕ್ಕೆ ಹಗೇವು, ವಾಡೆ, ಚೀಲ ಇವುಗಳ ಏರ್ಪಾಡು ಮೊದಲಿನಿಂದಲೂ ಇದೆ. ಅಕ್ಕಡಿಯ ಕಾಳುಗಳು ಹಾಗಲ್ಲ. ಅವು ಒಂದೊಂದೂ ಸ್ವಲ್ಪ ಸ್ವಲ್ಪವಾಗಿ, ಐದಾರು ಬಗೆಯಾಗಿ ಮನೆಗೆ ಬರುತ್ತವೆ. ಒಂದೊಂದಕ್ಕೆ ಒಂದೊಂದು ಪಾತ್ರೆ ಬೇಕು. ಇವುಗಳ ಜೊತೆಗೆ ಮೆಣಸಿನಕಾಯಿ, ಹುಣಿಸೆಹಣ್ಣು, ಬೆಲ್ಲ, ಸಂಡಿಗೆ, ಹಬ್ಬದ ದೊಡ್ಡ ಪಾತ್ರೆಗಳು ಇವೆಲ್ಲವೂ ಸೇರಿ ಅಡಿಗೆಯ ಮನೆಯ ನೆಲವು ತುಂಬಿಹೋಗುವುದು. ಆಗ ಗೃಹಿಣಿಯ ದೃಷ್ಟಿಯು ಸಹಜವಾಗಿ ಗೋಡೆಯ ಮೇಲ್ಭಾಗದ ಕಡೆಗೆ ತಿರುಗುವುದು. ಅಲ್ಲಿ ಒಂದು ನಾಗಂದಿಗೆಯನ್ನು ಹಾಕಿಸಿದರೆ ಆಗುವ ಅನುಕೂಲವೇನು, ಅದನ್ನು ಹೇಗೆ ಹಾಕತಕ್ಕದ್ದು, ಅದರ ಮೇಲೆ ಏನನ್ನು ಇಡಬಹುದು, ಏನನ್ನು ಇಡಕೂಡದು ಎಂಬುದೇ ಈ ಪಾಠದ ವಿಷಯ.

2. ಹಿಂದಿನವರ ಏರ್ಪಾಡು

ನಮ್ಮ ಹಳೆಯ ಮನೆಗಳಲ್ಲಿ ಸಾಮಾನಿಡುವುದಕ್ಕೆ ನಾಲ್ಕು ಬಗೆಯ ಏರ್ಪಾಡುಗಳಿದ್ದವು. ಗೋಡೆಯ ದಪ್ಪದಲ್ಲಿಯೇ ಬಿಟ್ಟ ಗೂಡು ಮೊದಲನೆಯದು. ದೀಪ, ಉಪ್ಪಿನ ಮರಿಗೆ ಮುಂತಾದ ದಿನಬಳಕೆಯ ಪದಾರ್ಥಗಳಿಗೆ ಅದು ಸ್ಥಾನವಾಗಿತ್ತು. ಎರಡನೆಯದು ನೆಲುವು; ಹಾಲು, ಮೊಸರು, ಬೆಣ್ಣೆಗಳ ಗಡಿಗೆಗಳನ್ನು ಬೆಕ್ಕಿಗೆ ಸಿಕ್ಕದಂತೆ ಅದರಲ್ಲಿ ತೂಗಹಾಕುತ್ತಿದ್ದರು. ಮೂರನೆಯದು ಗೋಡೆಗೆ ಹೊಡೆದ ಮರದ ಗೂಟಗಳ ಮೇಲೆ ಹಲಗೆಯನ್ನಿಟ್ಟು ಮಾಡಿದ ನಾಗಂದಿಗೆ. ನಾಲ್ಕನೆಯದು ತೊಲೆಗಳ ಮೇಲೆ ಹಲಗೆಯನ್ನೋ ಬಿದಿರನ್ನೋ ಹಾಸಿ ಮಾಡಿದ ಅಟ್ಟ.

ಈ ನಾಲ್ಕರಲ್ಲಿ ಕೊನೆಯ ಎರಡಕ್ಕೂ ಒಂದು ವಿಶೇಷ ಗುಣವಿತ್ತು. ಅಡಿಗೆಯ ಮನೆಯಲ್ಲಿ ಸೌದೆಯ ಒಲೆಯು ಉರಿಯುತ್ತಿದ್ದು, ಅದರ ಹೊಗೆಯೂ ಒಣ ಬಿಸಿಯೂ ಮೇಲಕ್ಕೇರಿ ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿದ್ದವು. ಈ ಹೊಗೆಯಿಂದ ಮೇಲೆ ಇಟ್ಟ ಪದಾರ್ಥದ ತೇವವು ಆರುತ್ತಿತ್ತು. ಹುಳುವೂ ಅದರ ಹತ್ತಿರ ಬರಲು ಅಂಜುತ್ತಿತ್ತು. ಬೀಜದ ತೆನೆಗಳನ್ನೂ ಸೋರೆ ಕುಂಬಳಗಳ ಬೀಜಗಳನ್ನೂ ಒಲೆಯ ಮೇಲ್ಗಡೆ ಕಟ್ಟುವ ವಾಡಿಕೆಯು ಹುಟ್ಟಿದುದು ಇದರಿಂದಲೇ. “ಬೀಜವನ್ನು ಮೇಲಿಡು” ಎಂಬ ಹಿರಿಯರ ಮಾತಿನಲ್ಲಿ ಕೆಲಸ ಮಾಡುತ್ತಿದ್ದುದು ಎತ್ತರವಲ್ಲ, ಹೊಗೆ.

3. ಈಗಿನ ಮನೆಗಳಲ್ಲಿ ಆಗಿರುವ ಬದಲಾವಣೆ

ಇದನ್ನು ಓದುವವರು ಮುಖ್ಯವಾಗಿ ಗಮನಿಸಬೇಕಾದ ಅಂಶವು ಇಲ್ಲಿದೆ. ಒಲೆಯೂ ಬದಲಾಗಿದೆ, ಮಾಡೂ ಬದಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸುವ ಅಸ್ತ್ರ ಒಲೆಯನ್ನು ಬಳಕೆಗೆ ತಂದಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಅಡಿಗೆಯ ಅನಿಲವು ಬಂದಿತು. ಇದು ಸಂತೋಷದ ವಿಷಯ. ಒಲೆಯ ಹೊಗೆಯು ಹೆಂಗಸರ ಮತ್ತು ಮಕ್ಕಳ ಕಣ್ಣಿಗೂ ಶ್ವಾಸಕೋಶಕ್ಕೂ ಮಾಡುವ ಕೆಡುಕು ಬಹಳ. ಬೀಜವನ್ನು ಉಳಿಸಿಕೊಳ್ಳುವುದಕ್ಕಾಗಿ ಹೊಗೆಯನ್ನು ಮತ್ತೆ ಮನೆಯೊಳಕ್ಕೆ ಬಿಟ್ಟುಕೊಳ್ಳಬೇಕೆಂದು ಯಾರೂ ಹೇಳಲಾರರು.

ಆದರೆ ಹೊಗೆಯು ಹೋದ ಮೇಲೆ ಎತ್ತರದ ಸ್ಥಳದ ಗುಣವೂ ಹೋಯಿತೆಂಬುದನ್ನು ಮರೆಯಕೂಡದು. ಅನಿಲದ ಒಲೆಯ ಮೇಲೆ ಕುದಿಯುವ ಎಸರಿನ ಹಬೆಯು ಮೇಲಕ್ಕೇರುತ್ತದೆ. ಹೆಂಚಿಗೆ ಬದಲಾಗಿ ಕಾಂಕ್ರೀಟಿನ ತಾರಸಿಯಿದ್ದರೆ ಆ ಹಬೆಗೆ ಹೊರಗೆ ಹೋಗಲು ದಾರಿಯಿಲ್ಲದೆ ಮೇಲ್ಭಾಗದಲ್ಲಿಯೇ ನಿಲ್ಲುವುದು. ತಗಡಿನ ಅಥವಾ ಕಲ್ನಾರಿನ ಹಾಳೆಯ ಮಾಡಾದರೆ ಬೇಸಿಗೆಯ ಮಧ್ಯಾಹ್ನ ಅದರ ಕೆಳಗಿನ ಗಾಳಿಯು ಕಾದ ಹಂಚಿನ ಮೇಲಿನ ಗಾಳಿಯಂತಿರುವುದು. ಬೀಜದ ಜೀವಕ್ಕೆ ಶತ್ರುಗಳು ಎರಡೇ: ತೇವ ಮತ್ತು ಸೆಕೆ. ಬೀಜದ ತೇವಾಂಶವು ನೂರಕ್ಕೆ ಒಂದು ಪಾಲು ಕಡಿಮೆಯಾದರೆ ಅಥವಾ ಇಟ್ಟ ಸ್ಥಳದ ಉಷ್ಣವು 5 ಡಿಗ್ರಿ ಸೆಲ್ಸಿಯಸ್ ಇಳಿದರೆ, ಬೀಜವು ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುವ ಕಾಲವು ಸ್ಥೂಲವಾಗಿ ಎರಡರಷ್ಟಾಗುವುದೆಂದು ಬೀಜಶಾಸ್ತ್ರಜ್ಞರ ಲೆಕ್ಕವಿದೆ. ಇದೇ ಲೆಕ್ಕವು ವಿರುದ್ಧವಾಗಿಯೂ ನಡೆಯುವುದು. ಆದುದರಿಂದ ಹಿಂದೆ ಬೀಜಕ್ಕೆ ಅತ್ಯುತ್ತಮವಾಗಿದ್ದ ಒಲೆಯ ಮೇಲಿನ ಎತ್ತರವೇ ಇಂದಿನ ಮನೆಯಲ್ಲಿ ಬೀಜಕ್ಕೆ ಅತ್ಯಂತ ಕೆಟ್ಟ ಸ್ಥಳವಾಗಿದೆ.

4. ಮೇಲೆ ಇಡತಕ್ಕವು, ಇಡಕೂಡದವು

ನಾಗಂದಿಗೆಗೆ ಹಲಗೆಯನ್ನು ತರುವುದಕ್ಕೆ ಮುಂಚೆ ಅಡಿಗೆಯ ಮನೆಯ ಸಾಮಾನನ್ನೆಲ್ಲ ಒಂದು ದಿನ ಜಗಲಿಗೆ ತೆಗೆದು ವಿಂಗಡಿಸತಕ್ಕದ್ದು. ಒಡೆದ ಪಾತ್ರೆ, ಮುಚ್ಚಳವಿಲ್ಲದ ಡಬ್ಬ, ಹುಳು ತಿಂದ ಕಾಳು ಇವುಗಳನ್ನು ಬೇರ್ಪಡಿಸಿದರೆ ಎಷ್ಟೋ ವೇಳೆ ಹೊಸ ಹಲಗೆಯ ಅವಶ್ಯಕತೆಯೇ ಇರುವುದಿಲ್ಲ. ಉಳಿದುದನ್ನು ಮೂರು ಪಾಲು ಮಾಡಬೇಕು.

(ಅ) ದಿನವೂ ಕೈಗೆ ಬೇಕಾದವು ಮತ್ತು ಭಾರವಾದವು: ರಾಗಿಹಿಟ್ಟು, ಅಕ್ಕಿ, ಎಣ್ಣೆ, ಉಪ್ಪು, ಕಲ್ಲಿನ ಮತ್ತು ಕಬ್ಬಿಣದ ಪಾತ್ರೆಗಳು. ಇವು ಸೊಂಟಕ್ಕೂ ಹೆಗಲಿಗೂ ನಡುವೆ ಅಥವಾ ಕೆಳಗೆ ಮಣೆಯ ಮೇಲೆ ಇರತಕ್ಕದ್ದು.

(ಆ) ಹಗುರವಾಗಿಯೂ ಒಣಗಿಯೂ ಇದ್ದು ಅಪರೂಪಕ್ಕೆ ಬೇಕಾದವು: ಹಬ್ಬದ ತಪ್ಪಲೆಗಳು, ಮೊರ, ಜರಡಿ, ಒತ್ತುಶಾವಿಗೆಯ ಒರಳು ಹಗುರವಾದುದಾದರೆ ಅದು, ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ಹಪ್ಪಳ ಸಂಡಿಗೆ, ಬರಿದಾದ ಡಬ್ಬಗಳು. ಎತ್ತರದ ನಾಗಂದಿಗೆಯು ಇವುಗಳಿಗಾಗಿಯೇ ಇರುವುದು.

(ಇ) ಬಿತ್ತನೆಯ ಬೀಜ. ಇದಕ್ಕೆ ಅಡಿಗೆಯ ಮನೆಯೇ ತಕ್ಕ ಸ್ಥಳವಲ್ಲ. ಮನೆಯ ಅತ್ಯಂತ ತಂಪಾದ, ಬಿಸಿಲು ಬೀಳದ ಒಳಕೋಣೆಯಲ್ಲಿ, ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಗಾಳಿಯಾಡದ ಪಾತ್ರೆಯಲ್ಲಿ ಇಡತಕ್ಕದ್ದು.

ಸ್ಥಳದ ತೇವವನ್ನು ತಿಳಿಯುವುದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದುಂಟು. ಒಂದು ಹಿಡಿ ಒಣಗಿದ ಉಪ್ಪನ್ನು ತಟ್ಟೆಯಲ್ಲಿ ಹರಡಿ ಆ ಸ್ಥಳದಲ್ಲಿ ಒಂದು ರಾತ್ರಿ ಇಡಬೇಕು. ಗಾಳಿಯ ತೇವವು ನೂರಕ್ಕೆ ಎಪ್ಪತ್ತೈದನ್ನು ಮೀರಿದರೆ ಉಪ್ಪು ನೀರೊಡೆಯುವುದು. ಅಂಥ ಸ್ಥಳದಲ್ಲಿ ಕಾಳನ್ನಾಗಲಿ ಹಿಟ್ಟನ್ನಾಗಲಿ ತೆರೆದ ಪಾತ್ರೆಯಲ್ಲಿ ಇಡಕೂಡದು.

5. ಸ್ಥಳವನ್ನೂ ಎತ್ತರವನ್ನೂ ಗೊತ್ತುಮಾಡುವುದು

ಒಲೆಯ ನೇರ ಮೇಲ್ಗಡೆ ನಾಗಂದಿಗೆಯನ್ನು ಎಂದಿಗೂ ಹಾಕಕೂಡದು. ಉರಿಯುವ ಒಲೆಯ ಮೇಲೆ ಬಾಗಿ ಕೈಚಾಚುವಾಗ ಸೀರೆಯ ಸೆರಗು ಬೆಂಕಿಗೆ ತಗಲಿ ಪ್ರಾಣಾಪಾಯವಾಗುವುದುಂಟು. ಮೇಲಿನಿಂದ ಡಬ್ಬವು ಜಾರಿದರೆ ಕುದಿಯುವ ಎಸರಿನ ಮೇಲೆಯೇ ಬೀಳುವುದು. ಒಲೆಯ ಅಂಚಿಗೂ ನಾಗಂದಿಗೆಯ ತುದಿಗೂ ಅಡ್ಡಲಾಗಿ ಕಡೆಯಪಕ್ಷ ಮೂರು ಅಡಿಯ ಅಂತರವಿರಲಿ. ಕಿಟಕಿಯ ಬೆಳಕನ್ನೂ ಗಾಳಿಯನ್ನೂ ಮರೆಮಾಡುವ ಸ್ಥಳವೂ, ಬಾಗಿಲಿನಲ್ಲಿ ಓಡಾಡುವವರ ತಲೆಗೆ ತಗಲುವ ಸ್ಥಳವೂ, ಮಕ್ಕಳನ್ನು ಮಲಗಿಸುವ ಸ್ಥಳದ ಮೇಲ್ಭಾಗವೂ ಬೇಡ.

ಎತ್ತರವನ್ನು ಬಡಗಿಯ ಅಳತೆಯಿಂದಲ್ಲ, ಅಡಿಗೆ ಮಾಡುವವರ ಅಳತೆಯಿಂದ ಗೊತ್ತುಮಾಡತಕ್ಕದ್ದು. ಗೃಹಿಣಿಯು ಗೋಡೆಗೆ ಎದುರಾಗಿ ಹಿಮ್ಮಡಿಯನ್ನು ಎತ್ತದೆ ನಿಂತು ಕೈಯನ್ನು ಮೇಲಕ್ಕೆ ಚಾಚಲಿ. ಮಣಿಕಟ್ಟು ಬರುವ ಕಡೆ ಇದ್ದಲಿನಿಂದ ಒಂದು ಗೆರೆಯನ್ನು ಎಳೆಯುವುದು. ಐದಡಿ ಎತ್ತರದ ಹೆಂಗಸಿಗೆ ಇದು ನೆಲದಿಂದ ಐದೂವರೆ ಅಡಿಗೂ ಆರಡಿಗೂ ನಡುವೆ ಬರುವುದು. ಮೊದಲನೆಯ ಹಲಗೆಯು ಈ ಗೆರೆಗೆ ಮೇಲಾಗಕೂಡದು. ಇದರ ಮೇಲೆ ಇನ್ನೊಂದು ಹಲಗೆಯು ಬೇಕಾದರೆ ಅದನ್ನು ವರ್ಷಕ್ಕೆ ಎರಡು ಮೂರು ಬಾರಿ ತೆಗೆಯುವ ಸಾಮಾನಿಗೆ ಮಾತ್ರ ಮೀಸಲಾಗಿಡಬೇಕು. ಅದಕ್ಕೆ ಹತ್ತುವಾಗ ಬೋರಲು ಹಾಕಿದ ಮಡಕೆ, ಒರಳು, ಮೂಟೆ ಇವುಗಳ ಮೇಲೆ ನಿಲ್ಲದೆ, ನಾಲ್ಕು ಕಾಲೂ ನೆಲಕ್ಕೆ ಊರುವ ಸ್ಟೂಲನ್ನು ಉಪಯೋಗಿಸತಕ್ಕದ್ದು. ಗರ್ಭಿಣಿಯರೂ ವೃದ್ಧರೂ ಹತ್ತಲೇಕೂಡದು.

6. ಮಾಡುವ ಕ್ರಮ

ಮೊದಲು ಭಾರದ ಲೆಕ್ಕವನ್ನು ತಿಳಿಯಬೇಕು. ಹದಿನೈದು ಕಿಲೋ ಎಣ್ಣೆ ಬರುವ ತಗಡಿನ ಡಬ್ಬದಲ್ಲಿ ರಾಗಿಯನ್ನು ತುಂಬಿದರೆ ಸುಮಾರು 12 ಕಿಲೋ ತೂಗುವುದು. ನಾಲ್ಕಡಿ ಉದ್ದದ ಹಲಗೆಯ ಮೇಲೆ ಇಂಥ ಐದು ಡಬ್ಬಗಳು ಹಿಡಿಯುವುವು. ಅಂದರೆ 60 ಕಿಲೋ. ಬೆಳೆದ ಆಳೊಬ್ಬನು ಹಲಗೆಯ ಮೇಲೆ ಏರಿ ಕುಳಿತಂತಾಯಿತು. ಹಗುರವಾದ ಸಾಮಾನಿಗೆಂದು ಹಾಕಿದ ಹಲಗೆಯ ಮೇಲೂ ಇಂದಲ್ಲ ನಾಳೆ ಯಾರಾದರೂ ತುಂಬಿದ ಡಬ್ಬವನ್ನು ಇಡುವರು. ಆದುದರಿಂದ ಈ ಭಾರಕ್ಕೆ ತಕ್ಕಂತೆಯೇ ಕಟ್ಟಬೇಕು.

ರಾಮನಗರ ಮಾಗಡಿಗಳ ಕಡೆ ಕಲ್ಲು ಸುಲಭವಾಗಿ ಸಿಕ್ಕುವುದರಿಂದ ನಾಗಂದಿಗೆಗೂ ಚಪ್ಪಡಿಯನ್ನೇ ಹಾಕುವುದುಂಟು. ನಾಲ್ಕಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಂಗುಲ ದಪ್ಪದ ಚಪ್ಪಡಿಯು ಬರಿದಾಗಿಯೇ 37 ಕಿಲೋ ತೂಗುವುದು. ಅಷ್ಟೇ ಉದ್ದಗಲದ, ಒಂದಂಗುಲ ದಪ್ಪದ ಮರದ ಹಲಗೆಯಾದರೆ ಐದಾರು ಕಿಲೋ ಮಾತ್ರ. ಗೋಡೆಯನ್ನು ಕಟ್ಟುವಾಗಲೇ ಚಪ್ಪಡಿಯ ಎರಡು ತುದಿಗಳನ್ನೂ ಒಳಕ್ಕೆ ಸೇರಿಸಿದ್ದರೆ ಅದು ತಲೆಮಾರುಗಳವರೆಗೆ ಇರುವುದು. ಕಟ್ಟಿ ಮುಗಿದ ಗೋಡೆಗೆ ಆಮೇಲೆ ಹಾಕುವುದಾದರೆ ಮರದ ಹಲಗೆಯೇ ಕ್ಷೇಮ.

ಮರಗಳಲ್ಲಿ ಹಲಸು, ಬೇವು, ತೇಗ ಉತ್ತಮ. ಹೊಲದ ಬದುವಿನಲ್ಲಿ ಬೆಳೆದ ಸಿಲ್ವರ್ ಓಕ್ ಸಹ ಒಣಗಿದ್ದರೆ ಸಾಕಾಗುವುದು. ಹಸಿಯ ಹಲಗೆಯು ಸೊಟ್ಟಗಾಗುವುದರಿಂದ ಅದನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿರಬೇಕು. ಹಲಗೆಯು ಹತ್ತರಿಂದ ಹನ್ನೆರಡು ಅಂಗುಲ ಅಗಲವಿದ್ದರೆ ಸಾಕು. ಇನ್ನೂ ಅಗಲವಾದರೆ ಹಿಂದಿನ ಸಾಲಿನ ಡಬ್ಬವು ಕಣ್ಣಿಗೆ ಬೀಳದೆ ಅದರೊಳಗಿನ ಪದಾರ್ಥವು ಕೆಟ್ಟುಹೋಗುವುದು. ಪ್ರತಿ ಎರಡೂವರೆ ಅಡಿಗೆ ಒಂದು ಆಸರೆಯನ್ನು ಕೊಡತಕ್ಕದ್ದು. ಹಲಗೆಯ ಮುಂದಿನ ಅಂಚಿಗೆ ಒಂದಂಗುಲ ಎತ್ತರದ ರೀಪನ್ನು ಹೊಡೆದರೆ ಡಬ್ಬವು ಜಾರುವುದಿಲ್ಲ. ಹಲಗೆಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟರೆ ಗಾಳಿಯಾಡುವುದು. ಗೆದ್ದಲು ಹತ್ತಿದರೂ ಬೇಗ ಕಾಣುವುದು.

ಗೋಡೆಯು ಮಣ್ಣಿನದಾದರೆ ಅದಕ್ಕೆ ಮೊಳೆಯನ್ನಾಗಲಿ ಬ್ರಾಕೆಟ್ಟನ್ನಾಗಲಿ ಹೊಡೆದು ಭಾರವನ್ನು ಹೇರಕೂಡದು. ಮಳೆಗಾಲದಲ್ಲಿ ತೇವವನ್ನು ಹೀರಿದ ಗೋಡೆಯು ಮೊಳೆಯನ್ನು ಬಿಟ್ಟುಬಿಡುವುದು. ನೆಲದಿಂದಲೇ ಎರಡು ಅಥವಾ ಮೂರು ಜೊತೆ ಮರದ ಕಂಬಗಳನ್ನು ನಿಲ್ಲಿಸಿ, ಕಂಬಗಳ ಬುಡಕ್ಕೆ ಕಲ್ಲನ್ನು ಕೊಟ್ಟು, ಅವುಗಳ ಮೇಲೆ ಹಲಗೆಯನ್ನು ಕೂರಿಸುವುದೇ ಸರಿಯಾದ ಕ್ರಮ. ಕಂಬಗಳು ಮುಂದಕ್ಕೆ ವಾಲದಂತೆ ಮೇಲ್ತುದಿಯನ್ನು ತೊಲೆಗೆ ಕಟ್ಟಬೇಕು. ಇಟ್ಟಿಗೆಯ ಅಥವಾ ಕಲ್ಲಿನ ಗೋಡೆಯಾದರೆ ಕಬ್ಬಿಣದ ತ್ರಿಕೋನದ ಬ್ರಾಕೆಟ್ಟುಗಳನ್ನು ಗಾರೆಯ ಸಂದಿನಲ್ಲಿ ಅಲ್ಲದೆ ಗಟ್ಟಿಯಾದ ಇಟ್ಟಿಗೆ ಅಥವಾ ಕಲ್ಲಿನಲ್ಲಿಯೇ ಬಿಗಿಯಬೇಕು. ಟೊಳ್ಳು ಇಟ್ಟಿಗೆಯ ಗೋಡೆಯು ಸಾಧಾರಣ ಮೊಳೆಯನ್ನು ಹಿಡಿಯಲಾರದು. ಅಲ್ಲಿ ಕೂಡ ಕಂಬದ ನಾಗಂದಿಗೆಯೇ ವಾಸಿ.

ಕೆಲಸವು ಮುಗಿದ ಮೇಲೆ ಒಡನೆಯೇ ಸಾಮಾನನ್ನು ಜೋಡಿಸದೆ, 90 ಕಿಲೋ ಮರಳನ್ನು ಚೀಲಗಳಲ್ಲಿ ತುಂಬಿ ನಾಲ್ಕಡಿ ಹಲಗೆಯ ಮೇಲೆ ಒಂದು ರಾತ್ರಿ ಇಟ್ಟು ನೋಡತಕ್ಕದ್ದು. ಆ ರಾತ್ರಿ ಯಾರೂ ಅದರ ಕೆಳಗೆ ಮಲಗಕೂಡದು. ಬೆಳಗ್ಗೆ ಹಲಗೆಯು ಬಾಗದೆ, ಆಸರೆಯು ಕದಲದೆ ಇದ್ದರೆ ನಾಗಂದಿಗೆಯು ಉಪಯೋಗಕ್ಕೆ ಯೋಗ್ಯವಾಯಿತು.

7. ಇಲಿ ಮತ್ತು ಹುಳುಗಳ ವಿಷಯ

ಎತ್ತರದಲ್ಲಿಟ್ಟುದು ಇಲಿಗೆ ಸಿಕ್ಕುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಮನೆಯ ಇಲಿಯು ಗೋಡೆಯನ್ನೂ ಹಗ್ಗವನ್ನೂ ತೊಲೆಯನ್ನೂ ಹತ್ತುವುದರಲ್ಲಿ ನಿಸ್ಸೀಮ. ತೆರೆದ ನಾಗಂದಿಗೆಯು ಅದಕ್ಕೆ ರಾಜಬೀದಿಯಿದ್ದಂತೆ. ಇಲಿಯನ್ನು ತಡೆಯುವುದು ಬಿಗಿಯಾದ ಮುಚ್ಚಳದ ಲೋಹದ ಡಬ್ಬವೇ ಹೊರತು ಎತ್ತರವಲ್ಲ. ಬಟ್ಟೆಯ ಗಂಟು, ಕಾಗದದ ಪೊಟ್ಟಣ, ತೆಳುವಾದ ಪ್ಲಾಸ್ಟಿಕ್ ಚೀಲ ಇವುಗಳನ್ನು ಮೇಲೆ ಇಡಕೂಡದು.

ಅವರೆ, ತೊಗರಿ, ಅಲಸಂದೆಗಳನ್ನು ಕೊರೆಯುವ ದುಂಬಿಯ ವಿಷಯವು ಬೇರೆ. ಅದು ಹೊಲದಲ್ಲಿ ಕಾಯಿ ಬಲಿಯುವಾಗಲೇ ಮೊಟ್ಟೆಯನ್ನಿಟ್ಟು ಕಾಳಿನ ಜೊತೆಯಲ್ಲಿಯೇ ಮನೆಗೆ ಬರುವುದು. ಆದುದರಿಂದ ಡಬ್ಬಕ್ಕೆ ಹಾಕುವ ಮುನ್ನವೇ ಕಾಳಿನ ಉಪಚಾರವಾಗಬೇಕು. ಕಾಳನ್ನು ತೆಳುವಾಗಿ ಹರಡಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುವುದು. ಒಣಗಿತೇ ಎಂದು ತಿಳಿಯಲು, ಒಣ ಗಾಜಿನ ಸೀಸೆಯಲ್ಲಿ ಸ್ವಲ್ಪ ಕಾಳನ್ನೂ ಒಣಗಿದ ಪುಡಿಯುಪ್ಪನ್ನೂ ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ಕಾಳು ಇನ್ನೂ ಹಸಿಯೆಂದೇ ತಿಳಿಯತಕ್ಕದ್ದು. ಒಣಗಿದ ಕಾಳನ್ನು ಆರಿಸಿ, ಬಿಸಿಯು ಪೂರ್ತಿಯಾಗಿ ಇಳಿದ ಮೇಲೆ ಡಬ್ಬಕ್ಕೆ ತುಂಬಬೇಕು. ಬಿಸಿಯಾಗಿಯೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುವುದು. ಒಂದು ಕಿಲೋ ಕಾಳಿಗೆ 5 ಮಿಲಿಲೀಟರಿನಂತೆ ಅಡಿಗೆಯ ಎಣ್ಣೆಯನ್ನು ಸವರಿದರೆ ದುಂಬಿಯ ಮೊಟ್ಟೆಗಳು ಮರಿಯಾಗುವುದಿಲ್ಲ. ಕೆಮ್ಮಣ್ಣು ಕಟ್ಟುವ ನಮ್ಮ ಹಳೆಯ ಪದ್ಧತಿಯೂ ಒಳ್ಳೆಯದೇ. ಡಬ್ಬವನ್ನು ಬಾಯಿಯವರೆಗೂ ತುಂಬಿ ಗಾಳಿಯಾಡದಂತೆ ಮುಚ್ಚುವುದು ಲೇಸು. ಅರ್ಧ ತುಂಬಿದ ದೊಡ್ಡ ಡಬ್ಬಕ್ಕಿಂತ ಪೂರ್ತಿ ತುಂಬಿದ ಎರಡು ಚಿಕ್ಕ ಡಬ್ಬಗಳು ಮೇಲು.

8. ವಿಷಪದಾರ್ಥಗಳು

ಮಕ್ಕಳ ಕೈಗೆ ಸಿಕ್ಕಬಾರದೆಂದು ಬೆಳೆಯ ಔಷಧವನ್ನೂ ಇಲಿಯ ಪಾಷಾಣವನ್ನೂ ಅಡಿಗೆಯ ಮನೆಯ ಎತ್ತರದ ಹಲಗೆಯ ಮೇಲೆ ಇಡುವ ಪದ್ಧತಿಯು ಕೆಲವು ಮನೆಗಳಲ್ಲಿದೆ. ಉದ್ದೇಶವು ಒಳ್ಳೆಯದಾದರೂ ಇದರಷ್ಟು ಅಪಾಯಕರವಾದುದು ಬೇರೊಂದಿಲ್ಲ. ಮೇಲಿನ ಸೀಸೆಯು ಒಡೆದರೂ ಸೋರಿದರೂ ಅದರ ವಿಷವು ಕೆಳಗಿನ ಆಹಾರಕ್ಕೇ ಸೇರುವುದು. ರೇಷ್ಮೆಯ ಹುಳುವನ್ನು ಸಾಕುವ ಮನೆಗಳಲ್ಲಿ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಮುಂತಾದವೂ ಇರುವುವು. ಬ್ಲೀಚಿಂಗ್ ಪುಡಿಯು ನೋಡುವುದಕ್ಕೆ ಹಿಟ್ಟಿನಂತೆಯೇ ಬಿಳುಪು.

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸಾಗಣೆಯ ಕಾಲದಲ್ಲಿ ಗೋಧಿಯ ಹಿಟ್ಟಿಗೆ ಬೆರೆತು ನೂರಕ್ಕೂ ಹೆಚ್ಚು ಜನ ಮೃತರಾದರು. ಕೀಟನಾಶಕಗಳನ್ನು ಕುರಿತ 1968ರ ಕೇಂದ್ರ ಕಾಯಿದೆಗೆ ಈ ದುರಂತವು ಒಂದು ಕಾರಣವಾಯಿತು. 2013ರ ಜುಲೈ ತಿಂಗಳಿನಲ್ಲಿ ಬಿಹಾರದ ಒಂದು ಹಳ್ಳಿಯ ಶಾಲೆಯಲ್ಲಿ, ಮಾನೋಕ್ರೋಟೋಫಾಸ್ ಬೆರೆತ ಎಣ್ಣೆಯಿಂದ ಮಾಡಿದ ಮಧ್ಯಾಹ್ನದ ಊಟವನ್ನು ಉಂಡು 23 ಮಕ್ಕಳು ಪ್ರಾಣ ಕಳೆದುಕೊಂಡರು. ಎರಡು ಕಡೆಯೂ ನಡೆದುದು ಒಂದೇ: ಅನ್ನವೂ ವಿಷವೂ ಒಂದರ ಹತ್ತಿರ ಒಂದು ಬಂದವು.

ಆದುದರಿಂದ ಇಂಥ ಪದಾರ್ಥಗಳನ್ನು ವಾಸದ ಮನೆಯಿಂದ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅವು ಬಂದ ಸೀಸೆ ಡಬ್ಬಗಳಲ್ಲಿಯೇ, ಚೀಟಿಯನ್ನು ಕೀಳದೆ ಇಡತಕ್ಕದ್ದು. ಬರಿದಾದ ಔಷಧದ ಡಬ್ಬವನ್ನು ಎಷ್ಟು ತೊಳೆದರೂ ಆಹಾರಕ್ಕೆ ಉಪಯೋಗಿಸಕೂಡದು. ಬಿತ್ತನೆಗೆಂದು ಔಷಧವನ್ನು ಸವರಿದ ಬೀಜವೂ ವಿಷವೇ. ಅದೂ ಅಡಿಗೆಯ ಮನೆಗೆ ಬರಕೂಡದು.

9. ವರ್ಷದ ಕ್ರಮ

ಮುಂಗಾರಿಗೆ ಮುಂಚೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ನಾಗಂದಿಗೆಯನ್ನು ಪೂರ್ತಿಯಾಗಿ ಬರಿದುಮಾಡಿ, ಹಲಗೆಯನ್ನು ಒರಸಿ, ಹಿಂದಿನ ಗೋಡೆಗೆ ಸುಣ್ಣವನ್ನು ಹೊಡೆದು, ಆಸರೆಗಳನ್ನು ಅಲುಗಿಸಿ ನೋಡಬೇಕು. ಪ್ರತಿ ಡಬ್ಬದ ಮೇಲೆಯೂ ಪದಾರ್ಥದ ಹೆಸರನ್ನೂ ತುಂಬಿದ ತಿಂಗಳನ್ನೂ ಬರೆದಿಟ್ಟು, ಮೊದಲು ತುಂಬಿದುದನ್ನು ಮೊದಲು ಉಪಯೋಗಿಸತಕ್ಕದ್ದು. ಬಿತ್ತನೆಗೆ ಮೂರು ವಾರ ಮುಂಚೆ ಪ್ರತಿಯೊಂದು ಬೀಜದಿಂದಲೂ ನೂರು ಕಾಳುಗಳನ್ನು ಎಣಿಸಿ ಒದ್ದೆಯ ಬಟ್ಟೆಯಲ್ಲಿ ಸುತ್ತಿ ಮೊಳಕೆ ಬರಿಸಿ ನೋಡುವುದು. ಎಪ್ಪತ್ತೈದಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜವನ್ನು ಹುಡುಕಲು ಆಗ ಇನ್ನೂ ಕಾಲವಿರುತ್ತದೆ. ಹದವಾದ ಮಳೆ ಬಿದ್ದ ಮೇಲೆ ಇರುವುದಿಲ್ಲ.

10. ಸಾರಾಂಶ

ಹಗುರವಾದುದು, ಒಣಗಿದುದು, ಅಪರೂಪಕ್ಕೆ ಬೇಕಾದುದು ಮೇಲೆ. ಭಾರವಾದುದೂ ದಿನಬಳಕೆಯದೂ ಕೈಯ ಮಟ್ಟದಲ್ಲಿ. ಬೀಜವು ಒಳಕೋಣೆಯ ತಂಪಿನಲ್ಲಿ. ವಿಷವು ಮನೆಯಿಂದ ಹೊರಗೆ. ಈ ನಾಲ್ಕು ಮಾತುಗಳನ್ನು ಅನುಸರಿಸಿದಲ್ಲಿ ಒಂದೆರಡು ಹಲಗೆಗಳ ಖರ್ಚಿನಿಂದ ಅಡಿಗೆಯ ಮನೆಯ ನೆಲವು ತೆರವಾಗುವುದು, ಗೃಹಿಣಿಯ ಶ್ರಮವು ತಗ್ಗುವುದು, ಅಕ್ಕಡಿಯ ಕಾಳು ಮುಂದಿನ ಸುಗ್ಗಿಯವರೆಗೆ ಮನೆಯವರ ಊಟಕ್ಕೆ ಉಳಿಯುವುದು. ಮನೆಯಲ್ಲಿ ಈಗಾಗಲೇ ನಾಗಂದಿಗೆಯಿದ್ದವರು ಹೊಸ ಹಲಗೆಯನ್ನು ತರುವ ಮೊದಲು, ಇರುವ ಹಲಗೆಯ ಮೇಲಿನ ಸಾಮಾನನ್ನು ಇಂದೇ ಕೆಳಗಿಳಿಸಿ ನೋಡಲಿ.